ಮೊದಲ ಶುಕ್ರವಾರದ ಇಡ್ಲಿ

ನಾನು ಡೈರಿ ಬರೆಯುವುದು ಕನ್ನಡದಲ್ಲಿ. ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷ್. ಕನ್ನಡದ ಅಕ್ಷರಗಳನ್ನು ಅಜ್ಜಿ ತಮ್ಮ ಹಳೆಯ ಜಪದ ಪುಸ್ತಕವನ್ನು ಮುಂದಿಟ್ಟುಕೊಂಡು ಕಲಿಸಿದರು. ಹಾಗಾಗಿ ನಾನು ತಪ್ಪಿಲ್ಲದೆ ಬರೆದ ಮೊದಲ ದೊಡ್ಡ ಪದ ‘ಪರಮಪ್ರಸಾದ’. ಚರ್ಚಿನ ಬಲಿಪೂಜೆಯಲ್ಲಿ ನಾವು ಸ್ವೀಕರಿಸುವ, ಕ್ರಿಸ್ತನ ಶರೀರವೆಂದು ನಂಬುವ, ಆ ತೆಳ್ಳನೆಯ ಬಿಳಿ ರೊಟ್ಟಿಯ ಹೆಸರು ಅದು.

ಡೈರಿಯ ಎಡಗಡೆ ತಾರೀಖು. ಬಲಗಡೆ ಗೆರೆ ಎಳೆದ ಕಾಲಮ್‌ಗಳು: ಎದ್ದ ಹೊತ್ತು, ವೇಲಚೇರಿ ಸ್ಟೇಷನ್ನಿನಲ್ಲಿ ಸಿಕ್ಕ ರೈಲು, ಅಜ್ಜಿಯ ಶುಗರ್. ಭಾನುವಾರಗಳಲ್ಲಿ, ಮನೆಗೆ ಪ್ರಸಾದ ಬರುವ ದಿನಗಳಲ್ಲಿ ಇನ್ನೊಂದು ಕಾಲಮ್: ಪ್ರಸಾದದ ನಂತರ ಮೌನವಾಗಿದ್ದ ನಿಮಿಷಗಳು. ಅದರಲ್ಲಿ ನನ್ನ ಅಂಕಿ ಸಾಮಾನ್ಯವಾಗಿ ಎರಡು. ಆ ಎರಡು ನಿಮಿಷಗಳಲ್ಲೂ ನಾನು ದೇವರ ಮುಂದೆ ಪಟ್ಟಿ ಓದುತ್ತಿದ್ದೆ: ಅಮ್ಮನ ಬೆನ್ನುನೋವು, ನನ್ನ ಅಪ್ರೈಸಲ್, ಮಳೆ ಬಂದರೆ ನಮ್ಮ ಬೀದಿಗೆ ನೀರು ನುಗ್ಗದಿರಲಿ.

ಅಜ್ಜಿಯ ಅಂಕಿ ಹದಿನೈದು. ಸೊಂಟದ ಮೂಳೆ ಮುರಿದ ಮೇಲೆ ಅವರು ಲಿಫ್ಟಿಲ್ಲದ ಈ ಮೂರನೆಯ ಮಹಡಿಯಿಂದ ಇಳಿದಿಲ್ಲ. ಅದಕ್ಕೇ ತಿಂಗಳ ಮೊದಲ ಶುಕ್ರವಾರ ಚರ್ಚಿನಿಂದ ಒಬ್ಬರು ಅಂಕಲ್ ಪ್ರಸಾದ ತರುತ್ತಾರೆ. ಅವರು ರೈಲ್ವೆಯಿಂದ ನಿವೃತ್ತರಾದ ತಮಿಳರು. ಪ್ರಸಾದದ ಪುಟ್ಟ ಚಿನ್ನದ ಬಣ್ಣದ ಡಬ್ಬಿ ಕೊರಳಲ್ಲಿರುವಾಗ ದಾರಿಯಲ್ಲಿ ಯಾರೊಂದಿಗೂ ಮಾತನಾಡುವುದಿಲ್ಲ. ಎದುರಾದವರಿಗೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಮ್ಮ ಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ ಇಟ್ಟಿರಬೇಕು. ಅವರು ತಮಿಳಿನಲ್ಲಿ “ಕಿರಿಸ್ತುವಿನ್ ತಿರುವುಡಲ್”, ಅಂದರೆ ಕ್ರಿಸ್ತನ ಶರೀರ, ಎನ್ನುತ್ತಾರೆ. ಅಜ್ಜಿ “ಆಮೆನ್” ಎನ್ನುತ್ತಾರೆ. ಆ ಒಂದು ಮಾತು ಎರಡು ಭಾಷೆಯಲ್ಲೂ ಒಂದೇ.

ಜೂನ್ ತಿಂಗಳ ಮೊದಲ ಶುಕ್ರವಾರ ಅಜ್ಜಿಯ ಕೈ ನಡುಗಿತು.

ಮಂಗಳವಾರ ಮತ್ತು ಶುಕ್ರವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಟೀಚರಾಗಿರುವ ಅಮ್ಮ ಏಳಕ್ಕೇ ಹೊರಡುತ್ತಾರೆ. ಎಂಟಕ್ಕೆ ನಾನು ಅಜ್ಜಿಗೆ ಮೂರು ಇಡ್ಲಿ, ಶುಗರಿನ ಮಾತ್ರೆ ಕೊಟ್ಟು ಒಳಗೆ ಆಫೀಸಿನ ಕಾಲ್‌ಗೆ ಕೂರುತ್ತೇನೆ. ಹತ್ತಕ್ಕೆ ಬೆರಳು ಚುಚ್ಚಿ ಶುಗರ್ ನೋಡುತ್ತೇನೆ. ಎಂದಿನಂತೆ ನೂರೆಂಬತ್ತರ ಆಸುಪಾಸು ಇರಬೇಕಾದದ್ದು ಅಂದು ಎಪ್ಪತ್ತೊಂದು.

“ಮಿಷನ್ ಕೆಟ್ಟಿರ್ಬೇಕು ಬಿಡು,” ಅಂದರು ಅಜ್ಜಿ.

“ಅಜ್ಜಿ, ಸಕ್ಕರೆ ನೀರು ತರ್ತೀನಿ.”

“ಅವರು ಬಂದು ಹೋಗ್ಲಿ. ಆಮೇಲೆ ಕೊಡ್ವಂತೆ.”

ಅಂಕಲ್‌ಗೆ ಫೋನ್ ಮಾಡಿದೆ, ಅಂದು ಮಾತ್ರ ದಾರಿಯಲ್ಲೇ ಎತ್ತಿದರು. ಪಕ್ಕದ ಬೀದಿಯಲ್ಲೇ ಇದ್ದರು. ಹತ್ತೇ ನಿಮಿಷದಲ್ಲಿ ಬಂದರು. ಅಜ್ಜಿಯ ಹಣೆಯಲ್ಲಿ ಬೆವರಿತ್ತು. ಕೈಗೆ ಕೊಡದೆ ನಾಲಿಗೆಯ ಮೇಲೇ ಪ್ರಸಾದ ಇಟ್ಟರು. ಆ ದಿನ ಹದಿನೈದು ನಿಮಿಷದ ಮೌನವಿರಲಿಲ್ಲ. ಸಕ್ಕರೆ ನೀರು ಕುಡಿಸಿದೆ, ಆಮೇಲೆ ಅವರು ನಾಲ್ಕು ಇಡ್ಲಿ ತಿಂದರು. ಎಂಟಕ್ಕೆ ಮೂರು ತಿಂದವರಿಗೆ ಇಷ್ಟು ಹಸಿವೆಯೇ?

ಸಂಜೆ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಫೆಬ್ರವರಿ ಮೊದಲ ಶುಕ್ರವಾರ ತೊಂಬತ್ತೆರಡು, ಮಾರ್ಚ್ ಎಂಬತ್ತೆಂಟು, ಏಪ್ರಿಲ್ ತೊಂಬತ್ತೈದು, ಮೇ ಎಂಬತ್ತು. ಮಿಕ್ಕ ಶುಕ್ರವಾರಗಳಲ್ಲಿ ಒಂದೂ ನೂರಕ್ಕಿಂತ ಕೆಳಗಿಲ್ಲ. ಆ ನಾಲ್ಕೂ ದಿನಗಳ ಪುಟದ ಕೆಳಗೆ ನಾನೇ ಸಿಡುಕಿನಿಂದ ಬರೆದಿದ್ದೆ: ‘ಬಾಲ್ಕನಿಯಲ್ಲಿ ಕಾಗೆಗಳ ಗಲಾಟೆ. ಕಾಲ್‌ನಲ್ಲಿ ಮ್ಯೂಟ್ ಮಾಡಬೇಕಾಯಿತು.’

ನಾನು ಡೈರಿ ಹಿಡಿದು ಅಜ್ಜಿಯ ಎದುರು ಕುಳಿತೆ. ಅವರು ಪುಟ ನೋಡಿ, ಕಾಗೆಯ ಸಾಲಿಗೆ ಬಂದಾಗ ನಕ್ಕುಬಿಟ್ಟರು.

“ಪೊಲೀಸ್‌ನೋರೂ ಹಿಂಗೆ ಬರ್ಕೊಳಲ್ಲ ಕಣೆ!”

ಆಮೇಲೆ ಹೇಳಿದರು. ಅವರು ಚಿಕ್ಕವರಿದ್ದಾಗ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಕುಡಿಯುವಂತಿರಲಿಲ್ಲ. ಕೊಳ್ಳೇಗಾಲದ ಕಡೆಯ ಅವರ ಊರಿನಲ್ಲಿ ಮೊದಲ ಪರಮಪ್ರಸಾದದ ದಿನ, ಬಿಳಿ ಲಂಗ ತೊಟ್ಟು ಚರ್ಚಿಗೆ ನಡೆಯುತ್ತಾ, ಬಾವಿಯ ಹತ್ತಿರ ಯಾರೋ ನೀರು ಸೇದುತ್ತಿದ್ದದ್ದು ಕಂಡು ಒಂದು ಬೊಗಸೆ ಕುಡಿದುಬಿಟ್ಟರಂತೆ. ಕುಡಿದ ಮೇಲೆ ನೆನಪಾಯಿತಂತೆ. ತಾವೇ ಹೋಗಿ ಚರ್ಚಿನ ಸಿಸ್ಟರ್‌ಗೆ ಹೇಳಿದರು. ಎಲ್ಲ ಮಕ್ಕಳೂ ಸಾಲಾಗಿ ಹೋದರು, ಅಜ್ಜಿ ಮಾತ್ರ ಹಿಂದಿನ ಬೆಂಚಿನಲ್ಲಿ ಕುಳಿತರು.

“ಎಂಟು ದಿನ ಕಾದೆ ಕಣವ್ವ, ಮುಂದಿನ ಭಾನ್ವಾರದ್ ಗಂಟ. ಲಂಗ ಮಡಿಚಿಟ್ಟು ದಿನಾ ನೋಡ್ತಿದ್ದೆ. ಅವತ್ತಿಂದ ಇವತ್ತಿನ್ ತನ್ಕ ಬರಿ ಹೊಟ್ಟೇಲೇ ತಗೊಂಡಿದ್ದೀನಿ.”

ಈ ನಿಯಮ ಎಂದೋ ಸಡಿಲವಾಯಿತು. ಈಗ ಒಂದು ಗಂಟೆ ಮೊದಲು ತಿನ್ನದಿದ್ದರೆ ಸಾಕು, ಕಾಯಿಲೆಯವರಿಗೆ ಅದೂ ಬೇಕಿಲ್ಲ. ಅಜ್ಜಿಗೆ ಅದು ಗೊತ್ತು. ಮೆಟ್ಟಿಲು ಇಳಿಯುವಂತಿದ್ದಾಗ ಬೆಳಗಿನ ಮೊದಲ ಪೂಜೆಗೇ ಹೋಗುತ್ತಿದ್ದರಿಂದ ಅವರ ಉಪವಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಅಂಕಲ್ ನಮ್ಮ ಮನೆ ತಲುಪುವುದು ಹತ್ತೂವರೆ, ಹನ್ನೊಂದಕ್ಕೆ. ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗುತ್ತಿದ್ದರು. ನೀರಿಗೆ ದೋಷವಿಲ್ಲವೆಂದು ಆಮೇಲಿನ ಫಾದರ್ ಒಬ್ಬರು ಹೇಳಿದ್ದನ್ನು ಅಷ್ಟರಮಟ್ಟಿಗೆ ಒಪ್ಪಿದ್ದರು. ಇಡ್ಲಿ ಮಾತ್ರ ಕಾಗೆಗಳ ಪಾಲು.

“ನಿಮ್ಮಮ್ಮಂಗೆ ಹೇಳ್ಬೇಡ,” ಅಂದರು.

ನಾನು ಹೇಳಿದೆ. ಅಂಕಿಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ತೋರಿಸಿದೆ ಕೂಡ. ಜವಾಬ್ದಾರಿ ಎಂದುಕೊಂಡಿದ್ದೆ, ಕಂಡುಹಿಡಿದೆನೆಂಬ ಜಂಬವೂ ಇತ್ತು.

ಅಮ್ಮ ಸಿಡಿದರು. “ಅವ್ವಾ, ಶುಗರ್ ಇಳಿದು ಬಿದ್ರೆ ಯಾರು ಎತ್ತೋರು? ತಿಂದು ತಗೋ, ಇಲ್ಲಾಂದ್ರೆ ಅವರಿಗೆ ಬರೋದೇ ಬೇಡ ಅಂತೀನಿ.”

ಅಜ್ಜಿ ಸೆರಗು ನೇವರಿಸಿಕೊಂಡರು. “ಹಂಗಾರೆ ಬೇಡ ಅನ್ನು.”

ಜುಲೈ ಮೊದಲ ಶುಕ್ರವಾರ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಲಿಲ್ಲ. ಎಂಟಕ್ಕೆ ಅಜ್ಜಿ ಮೂರು ಇಡ್ಲಿಯನ್ನೂ ನನ್ನ ಎದುರೇ ತಿಂದು ತಟ್ಟೆ ತೋರಿಸಿದರು. ಹತ್ತಕ್ಕೆ ಶುಗರ್ ನೂರೆಪ್ಪತ್ತಾರು. ಹನ್ನೊಂದಕ್ಕೆ ನೋಡಿದರೆ ಬಾಗಿಲಿನ ಕಡೆಗೇ ಮುಖ ಮಾಡಿ ಕುಳಿತಿದ್ದರು, ಜಪಮಾಲೆ ತೊಡೆಯ ಮೇಲೆ. ಅಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತ ಮಗು ಹೀಗೇ ಇದ್ದಿರಬೇಕು ಅನಿಸಿತು. ಈ ಸಲ ಅವರನ್ನು ಅಲ್ಲಿ ಕೂರಿಸಿದ್ದು ನಾನು. ಆ ದಿನದ ಶುಗರ್ ಕಾಲಮಿನಲ್ಲಿ ಒಳ್ಳೆಯ ಅಂಕಿ ಬರೆಯುವಾಗ ಸಂತೋಷವಾಗಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಅಂಕಲ್ ಅವರನ್ನು ಹಿಡಿದೆ. ಎಲ್ಲ ಹೇಳಿ, ಅವರು ಹೋಗುವ ಮನೆಗಳ ಪಟ್ಟಿ ಕೇಳಿದೆ. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಒಟ್ಟು ಹನ್ನೊಂದು ಮನೆ, ನಮ್ಮದು ಒಂಬತ್ತನೆಯದು. ಆರು ಗಂಟೆಯ ಪೂಜೆಯಾದ ಮೇಲೆ ಮನೆಗೆ ಹೋಗಿ ತಿಂಡಿ ತಿಂದು, ಮತ್ತೆ ಬಂದು ಪ್ರಸಾದ ತೆಗೆದುಕೊಂಡು ಹೊರಡುತ್ತಾರೆ.

“ಪೂಜೆ ಮುಗಿದ ಕೂಡಲೇ ಮೊದಲು ನಮ್ಮ ಮನೆಗೆ ಬರೋಕಾಗತ್ತಾ, ಅಂಕಲ್?”

“ಎನ್ ಟಿಫನ್ ಎನ್ನಾಗುಂ, ಮಾ?” ಎಂದು ಹುಬ್ಬೇರಿಸಿದರು. ನನ್ನ ತಿಂಡಿಯ ಗತಿ ಏನು ಅಂತ.

“ನಮ್ಮ ಮನೆಯಲ್ಲೇ ಇಡ್ಲಿ ತಿನ್ನಿ.”

“ಡಬ್ಬಿ ಕೊರಳಲ್ಲಿ ಇಟ್ಟುಕೊಂಡು ಇಡ್ಲಿ ತಿನ್ನೋದಾ?” ಎಂದು ತಮಿಳಿನಲ್ಲಿ ಗದರಿದರು. ಸ್ವಲ್ಪ ಯೋಚಿಸಿ, ಮೊದಲು ನಿಮ್ಮ ಮನೆಯೊಂದಕ್ಕೇ ಬಂದು ಹೋಗುತ್ತೇನೆ, ಮಿಕ್ಕ ಹತ್ತು ಮನೆ ಎಂದಿನ ಹಾಗೆ ಎಂದರು. ಆಮೇಲೆ, ನಿಮ್ಮ ಅಜ್ಜಿ ನನಗಿಂತ ಗಟ್ಟಿ, ನಾನು ಏಳು ಗಂಟೆಗೇ ಹಸಿದಿರ್ತೀನಿ ಎಂದು ನಕ್ಕರು.

ಅಮ್ಮ ಒಂದು ಷರತ್ತು ಹಾಕಿದರು: ಏಳೂಕಾಲಿಗೆ ಇಡ್ಲಿ ಹೊಟ್ಟೆಯಲ್ಲಿರಬೇಕು, ಅಲ್ಲಿಯವರೆಗೆ ಮಾತ್ರೆ ಇಲ್ಲ. ಡಾಕ್ಟರನ್ನೂ ಕೇಳಿ ಬಂದರು. ಇಷ್ಟಕ್ಕೆ ಅಡ್ಡಿಯಿಲ್ಲ ಎಂದರಂತೆ. ಅಜ್ಜಿಗೆ ವಿಷಯ ಹೇಳಿದಾಗ, “ಪಾಪ, ಅವರ ತಿಂಡಿ ಹೊತ್ತಾಗಲ್ವಾ?” ಅಂದರು. ಬೇಡ ಅನ್ನಲಿಲ್ಲ.

ಆಗಸ್ಟ್ ಮೊದಲ ಶುಕ್ರವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಅಂಕಲ್ ಮೂರು ಮಹಡಿ ಹತ್ತಿ ಬಂದರು. ಅಜ್ಜಿ ಐದಕ್ಕೇ ಎದ್ದು, ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟಿದ್ದರು. ಬತ್ತಿ ಹಚ್ಚಿದ್ದು ಅಮ್ಮ. “ಆಮೆನ್” ಎಂದ ದನಿ ಅಡುಗೆಮನೆಯವರೆಗೂ ಕೇಳುವಷ್ಟಿತ್ತು.

ಅಂಕಲ್ ಹೋದ ಮೇಲೆ ಅಜ್ಜಿ ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ಕುಳಿತೆ. ಕೈಗಡಿಯಾರ ನೋಡಲು ಹೋಗಿ, ಬಿಚ್ಚಿ ಮಗುಚಿಟ್ಟೆ. ಪಟ್ಟಿ ನೆನಪಿಗೆ ಬಂತು, ಆದರೆ ಓದಲಿಲ್ಲ. ಕೆಳಗೆ ಹಾಲಿನವನ ಗಾಡಿ ನಿಂತು ಹೋಯಿತು. ಅಜ್ಜಿಯ ಉಸಿರು ಕೇಳುತ್ತಿತ್ತು, ಆಮೇಲೆ ನನ್ನದೂ. ಏನೂ ಕೇಳಬೇಕೆನಿಸಲಿಲ್ಲ.

ಅವರು ಕಣ್ಣು ತೆರೆದಾಗ, “ಅಷ್ಟು ಹೊತ್ತು ಏನು ಹೇಳ್ತೀರ ಅಜ್ಜಿ?” ಎಂದೆ.

“ಏನೂ ಹೇಳಲ್ಲ. ಬಂದೋರ್ ಜೊತೆ ಸುಮ್ನೆ ಕೂತ್ಕೋತೀನಿ,” ಅಂದರು. “ಇಡ್ಲಿ ತಾ ಮೊದ್ಲು, ನಿಮ್ಮಮ್ಮ ಗಡಿಯಾರ ನೋಡ್ತಾವ್ಳೆ.”

ಅಮ್ಮ ನಿಂತೇ ಇದ್ದು ಎರಡು ಇಡ್ಲಿ ಮುಗಿಯುವವರೆಗೆ ನೋಡಿ, ಮಾತ್ರೆ ಕೊಟ್ಟು ಶಾಲೆಗೆ ಓಡಿದರು. ಎಂಟಕ್ಕೆ ಸರಿಯಾಗಿ ಬಾಲ್ಕನಿಯ ಕಂಬಿಯ ಮೇಲೆ ಐದು ಕಾಗೆ ಬಂದು ಕುಳಿತು ಕೂಗತೊಡಗಿದವು. ಅಜ್ಜಿ ತಟ್ಟೆಯಲ್ಲಿ ಉಳಿಸಿಕೊಂಡಿದ್ದ ಮೂರನೆಯ ಇಡ್ಲಿಯನ್ನು ಅರ್ಧ ಮುರಿದು ನನ್ನ ಕಡೆ ನೋಡಿದರು.

“ಅರ್ಧ ಅಷ್ಟೇ. ಬರ್ಕೋ ಬೇಕಾದ್ರೆ.”

ಆ ದಿನದ ಪುಟದಲ್ಲಿದೆ: ತಿಂಡಿಯಾಗಿ ಎರಡು ಗಂಟೆಯ ಮೇಲೆ ಶುಗರ್ ನೂರಾ ಅರವತ್ತೆಂಟು. ಇಡ್ಲಿ ಎರಡೂವರೆ. ಕಾಗೆ ಐದು. ಮೌನದ ನಿಮಿಷಗಳ ಕಾಲಮ್ ಖಾಲಿಯಿದೆ. ಅಂದಿನಿಂದ ಆ ಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ.