ಹುಳ ಹಣ್ಣಾದ ದಿನ ಲಕ್ಷ್ಮೀನರಸಮ್ಮನ ಮೂಗು

"ನನ್ನ ಮೂಗಿಗೆ ಹೊತ್ತುಗೊತ್ತು ಅನ್ನೋದಿಲ್ಲ ಕಣಮ್ಮ. ಬಿಸಿಲು ಬಲಿತ್ರೆ ಸಾಕು, ನೀರು ಸೇದೋವಾಗ ರಕ್ತ ಸುರಿಯುತ್ತೆ, ಸಗಣಿ ಬಾಚೋವಾಗ ಸುರಿಯುತ್ತೆ. ನೆತ್ತಿ ಮೇಲೆ ತಣ್ಣೀರು ಹುಯ್ಕೊಂಡು ಮತ್ತೆ ಕೆಲಸಕ್ಕೆ ಹೋಗ್ತಿದ್ದೆ. ನಮ್ಮ ತಂಗಿ ಮದುವೇಲಿ ಆರತಿ ತಟ್ಟೆ ಹಿಡ್ಕೊಂಡು ನಿಂತಾಗಲೂ ಸುರೀತು. ಗಂಡಿನ ಕಡೆಯೋರು ಆರತಿ ನೀರು ತುಳುಕ್ತು ಅಂದ್ಕೊಂಡ್ರು, ನಾನೂ ಹ್ಞೂ ಅಂದ್ಬಿಟ್ಟೆ. ಆದ್ರೆ ಹುಳ ಹಣ್ಣಾದ ದಿನ ಸುರೀತಲ್ಲ, ಅವತ್ತು ಮಾತ್ರ ಈ ಮೂಗನ್ನ ಕುಯ್ದು ಬಿಸಾಕೋಣ ಅನ್ನಿಸ್ತು."

ಲಕ್ಷ್ಮೀನರಸಮ್ಮ ಹೀಗೆ ಶುರುಮಾಡಿದಳೆಂದರೆ ಕೆಂಚಾರ್ಲಹಳ್ಳಿಯ ಹೆಂಗಸರು ಕೈಲಿದ್ದ ಮೊರ ಕೆಳಗಿಟ್ಟು ಕೂರುತ್ತಿದ್ದರು.

ಮುದ್ದೇನಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಅವಳು ರೇಷ್ಮೆ ಹುಳ ಮುಟ್ಟಲೂ ಹೆದರಿ ಸೆರಗಿನಲ್ಲಿ ಕೈ ಮುಚ್ಚಿಕೊಂಡವಳು. ಐವತ್ತೆಂಟನೇ ಇಸವಿಯ ಬೇಸಿಗೆ ಹೊತ್ತಿಗೆ ಆ ಮನೆಯ ಬೆಳೆ ಅವಳ ಕಣ್ಣಿನ ಮೇಲೇ ನಿಂತಿತ್ತು. ತಿಂಗಳಿಡೀ ಹಿಪ್ಪುನೇರಳೆ ಸೊಪ್ಪು ಮೇಯ್ದ ಹುಳ, ಹಣ್ಣಾದಾಗ ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅಂಥದ್ದನ್ನು ಮಾತ್ರ ಆರಿಸಿ ಬಿದಿರು ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಮೇವಿನ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಮುಗಿಸುತ್ತದೆ. ಕಾಯಿ ಹುಳ ಬಿಟ್ಟರೆ ಅದು ಹಿಕ್ಕೆ ಹಾಕಿ ಪಕ್ಕದ ಗೂಡಿಗೂ ಕಲೆ ಮಾಡುತ್ತದೆ. ಅತ್ತೆ ಗಂಗುಲಮ್ಮನಿಗೆ ಕಣ್ಣು ಮಂಜು. ಗಂಡ ಪಿಳ್ಳಪ್ಪ ಆರಿಸಿದರೆ ಅರ್ಧಕ್ಕರ್ಧ ಕಾಯಿ.

ಅವತ್ತು ಲಕ್ಷ್ಮೀನರಸಮ್ಮ ಮೊದಲ ತಟ್ಟೆಗೆ ಬಗ್ಗುತ್ತಿದ್ದಂತೆ ತೊಟಕ್ಕನೆ ಒಂದು ಹನಿ ಸೊಪ್ಪಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

ಪಿಳ್ಳಪ್ಪ ಅವಳನ್ನು ಜಗಲಿಗೆ ಕರೆತಂದು ತಲೆ ಹಿಂದಕ್ಕೆ ಬಾಗಿಸಿದ. "ಸೂರು ನೋಡ್ತಿರು."

ಸೂರು ನೋಡಿದ್ದೇ, ರಕ್ತ ಗಂಟಲಿಗಿಳಿದು ಕೆಮ್ಮು ಹತ್ತಿತು. ತಣ್ಣೀರು ಹುಯ್ದದ್ದಾಯಿತು, ಗರಿಕೆ ಹಿಸುಕಿ ಹಿಡಿದದ್ದಾಯಿತು. ಪಿಳ್ಳಪ್ಪ ಮೂಗು ಒತ್ತಿ ಹಿಡಿಯುವನು, ಗಳಿಗೆಗೊಂದು ಸಲ "ನಿಂತಿತಾ?" ಅಂತ ಬಿಟ್ಟು ನೋಡುವನು. ಅದು ಮತ್ತೆ ಹರಿಯುವುದು. ಒಳಗೆ ಹುಳಗಳು ತಲೆಯೆತ್ತಿ ಕಾಯುತ್ತಿದ್ದವು.

"ಈರುಳ್ಳಿ ಜಜ್ಜಿ ಮೂಸಿಸಿದ್ರೆ ನಿಲ್ತಿತ್ತು," ಎಂದು ಗಂಗುಲಮ್ಮ ಗೊಣಗಿದಳು.

ಹುಳದ ಮನೆಗೆ ಈರುಳ್ಳಿ, ಒಗ್ಗರಣೆ ಯಾವ ಘಾಟೂ ಆಗದು ಎಂದು ಮನೆಯ ಈರುಳ್ಳಿಯನ್ನೆಲ್ಲ ಆಚೆ ಸಾಗಿಸಿದ್ದವಳು ಆಕೆಯೇ. ಆ ಗಾಬರಿಯಲ್ಲಿ ಪಿಳ್ಳಪ್ಪನಿಗೆ ಅದು ನೆನಪಾಗಲಿಲ್ಲ. ಪಕ್ಕದ ಮನೆಗೆ ಓಡಿ, ಎರಡು ಗಡ್ಡೆ ಜಜ್ಜಿಕೊಂಡು, ಕೈಯಿಂದ ರಸ ತೊಟ್ಟಿಕ್ಕಿಸುತ್ತ ಬಂದ.

"ಅಲ್ಲೇ ನಿಂತ್ಕೊ. ಹೊಸ್ತಿಲು ದಾಟೀಯ."

"ನೀನೇ ಅಲ್ವೇನಮ್ಮ ಹೇಳಿದ್ದು?"

"ನಿಲ್ತಿತ್ತು ಅಂದೆ, ತಗೊಂಡು ಬಾ ಅಂದ್ನಾ? ಹೋಗು, ಬಾವಿ ಹತ್ರ ತಲೆ ಮೇಲೆ ನೀರು ಹುಯ್ಕೊಂಡು ಬಾ. ಆ ಬಟ್ಟೇನೂ ಬಿಚ್ಚಾಕು."

ಅವನು ಅತ್ತ ಹೋದ, ಇತ್ತ ಚಿಂತಾಮಣಿಯಿಂದ ಬಿಸ್ಮಿಲ್ಲಾ ಬೀ ಬಂದಳು. ಇವರ ಗೂಡು ಕೊಂಡು ನೂಲು ಬಿಚ್ಚುವ ಮನೆಯವಳು. ಗೂಡು ಯಾವಾಗ ಸಿಗುತ್ತೆ ಎಂದು ಕೇಳಲು ಬಂದಿದ್ದಳು. ಜಗಲಿಯ ಅವಸ್ಥೆ ನೋಡಿ, ಕಾಲು ತೊಳೆದು ಹತ್ತಿರ ಬಂದಳು.

"ತಲೆ ಮುಂದಕ್ಕೆ ಬಗ್ಗಿಸಮ್ಮ. ಬಾಯಲ್ಲಿ ಉಸಿರು ತಗೋ. ಮೂಗಿನ ಮೆತ್ತಗಿರೋ ಕಡೆ ಹಿಡೀಬೇಕು, ಮೂಳೆ ಹತ್ರ ಅಲ್ಲ. ನಮ್ಮ ಹುಡುಗನಿಗೂ ಬೇಸಿಗೆ ಬಂದ್ರೆ ಇದೇ ಗೋಳು."

"ಹಿಡಿದಿದ್ವಿ ಬೀಬಮ್ಮ, ಬಿಟ್ಟು ನೋಡಿದಾಗೆಲ್ಲ ಸುರೀತು," ಎಂದಳು ಗಂಗುಲಮ್ಮ.

"ಬಿಟ್ಟು ಬಿಟ್ಟು ನೋಡಿದ್ರೆ ಹೆಂಗೆ ನಿಲ್ಲುತ್ತೆ? ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಂದ್ಸಲ ಅಲ್ಲಾಡಿಸ್ತೀರಾ? ಒಂದು ತಟ್ಟೆ ಹುಳ ಆರಿಸೋಷ್ಟು ಹೊತ್ತು ಬಿಡಲೇಬೇಡಿ."

ತಟ್ಟೆ ಅಂದದ್ದೇ ತಡ, ಲಕ್ಷ್ಮೀನರಸಮ್ಮ ಎದ್ದಳು. "ಹೆಂಗೂ ಮುಂದಕ್ಕೆ ಬಗ್ಗಬೇಕಲ್ಲ, ತಟ್ಟೆ ಮುಂದೇನೇ ಬಗ್ತೀನಿ. ಅತ್ತೆ, ನೀವು ಹಿಡ್ಕೊಳ್ಳಿ."

ಮೂಗುಬಟ್ಟು ತಿರುಗಿಸಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಗಂಗುಲಮ್ಮ ಹಳೇ ಬಟ್ಟೆ ಮಡಿಸಿ ಕೆಳಗೆ ಕೊಟ್ಟು, ಸೊಸೆಯ ಮೂಗನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಸೊಸೆ ಬಾಯಿ ತೆರೆದು ಉಸಿರಾಡುತ್ತ, ಎರಡೂ ಕೈಯಲ್ಲಿ ಹಣ್ಣು ಹುಳ ಆರಿಸತೊಡಗಿದಳು. ಸೊಸೆ ಬಲಕ್ಕೆ ಬಾಗಿದರೆ ಅತ್ತೆಯೂ ಬಲಕ್ಕೆ.

ಪಿಳ್ಳಪ್ಪ ಒದ್ದೆ ತಲೆಯಲ್ಲಿ ಬಂದು ಬಾಗಿಲಲ್ಲೇ ನಿಂತ. "ಎತ್ತಿಗೆ ಮೂಗುದಾರ ಹಿಡಿದಂಗೈತಲ್ಲಮ್ಮ."

"ನನ್ನ ಇನ್ನೊಂದು ಕೈ ಖಾಲಿ ಐತೆ, ಬಾರಪ್ಪ," ಎಂದಳು ಗಂಗುಲಮ್ಮ. ಆಮೇಲೆ ಸೊಸೆಗೆ, "ನಗಬೇಡ ಕಣೇ, ಜಾರುತ್ತೆ."

ತಟ್ಟೆ ಮುಗಿಯಿತು. "ಈಗ ಮೆಲ್ಲಗೆ ಬಿಡಿ," ಎಂದಳು ಬಿಸ್ಮಿಲ್ಲಾ ಬೀ. ಗಂಗುಲಮ್ಮನಿಗೆ ಧೈರ್ಯ ಬರಲಿಲ್ಲ. ಇನ್ನೊಂದು ತಟ್ಟೆಯ ಅರ್ಧದವರೆಗೆ ಹಿಡಿದೇ ಇದ್ದಳು. ಬಿಟ್ಟು ನೋಡಿದರೆ ಬಟ್ಟೆಗೆ ಹೊಸ ಹನಿ ಇರಲಿಲ್ಲ.

"ಇವತ್ತೆಲ್ಲ ಮೂಗು ಸೀಟಬೇಡ," ಎಂದು ಹೇಳಿ ಬಿಸ್ಮಿಲ್ಲಾ ಬೀ ತಾನೂ ಚಂದ್ರಿಕೆಗೆ ಕೈ ಹಾಕಿದಳು. ಹೊತ್ತು ಮುಳುಗುವ ಮುಂಚೆ ಹಣ್ಣು ಹುಳವೆಲ್ಲ ಚಂದ್ರಿಕೆ ಸೇರಿ, ಸುತ್ತ ಎಳೆ ಬಿಡತೊಡಗಿದ್ದವು.

ತಟ್ಟೆಗಳಲ್ಲಿ ಹಿಂದೆಬಿದ್ದ ಕಾಯಿ ಹುಳ ಒಂದಿಷ್ಟು ಉಳಿದಿದ್ದವು, ಹಸಿದು ತೆವಳುತ್ತಿದ್ದವು. ಲಕ್ಷ್ಮೀನರಸಮ್ಮ ಸೆರಗಿನ ಗಂಟು ಬಿಚ್ಚದೆ ಸೊಪ್ಪಿನ ಬುಟ್ಟಿ ಹತ್ತಿರ ಎಳೆದುಕೊಂಡು, ಹಿಪ್ಪುನೇರಳೆ ಎಲೆ ಹೆಚ್ಚಿ, ತಟ್ಟೆ ತಟ್ಟೆಗೂ ತೆಳ್ಳಗೆ ಹರಡುತ್ತ ಹೋದಳು.