ಬಲೂನಿನ ಬೀಗರು

ವಿಜಾಪುರದ ಇಬ್ರಾಹಿಂಪುರದಲ್ಲಿ ಮದುವೆಯ ಉಸ್ತುವಾರಿ ಎಂದರೆ ಗುರಲಿಂಗಪ್ಪನದೇ. ಹಂದರ ಹಾಕಿಸುವುದರಿಂದ ಹಿಡಿದು ಬೀಗರ ಸಿಟ್ಟು ಇಳಿಸುವವರೆಗೆ ಎಲ್ಲಕ್ಕೂ ಒಂದೊಂದು ಗುಂಪು ಕಟ್ಟುತ್ತಿದ್ದ. ಹೆಂಡತಿ ಮುರಿಗೆವ್ವನನ್ನು ಮಾತ್ರ ಯಾವ ಗುಂಪಿಗೂ ಸೇರಿಸುತ್ತಿರಲಿಲ್ಲ. ಮಕ್ಕಳಿಲ್ಲದವಳು ಶುಭಕಾರ್ಯದಲ್ಲಿ ಮುಂದೆ ಬಂದರೆ ಜನ ಏನಂದಾರು ಎಂಬ ಅಂಜಿಕೆ. ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾರಾಯನಿಗೆ ಅದೊಂದು ವಿಷಯದಲ್ಲಿ ಬಾಯೇ ಏಳುತ್ತಿರಲಿಲ್ಲ. ಮುರಿಗೆವ್ವನಿಗೆ ಅದು ನೋಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ತೊರವಿಯ ಅಂಬಾದಾಸ ಬಂದು ಗುರಲಿಂಗಪ್ಪನ ಮನೆಯ ಕಟ್ಟೆಯ ಮೇಲೆ ಕೂತ. ಅವನು ಮುಂಬಯಿಯ ಪ್ರಯೋಗಶಾಲೆಯೊಂದರಲ್ಲಿ ವಿಜ್ಞಾನಿ. ಹೈದರಾಬಾದಿನಿಂದ ದೊಡ್ಡ ಬಲೂನು ಬಿಡುತ್ತಾರೆ, ಆಕಾಶದಿಂದ ಬರುವ ಗಾಮಾ ಕಿರಣಗಳ ಗುರುತು ಹಿಡಿಯುವ ಫಲಕಗಳು ಅದರ ಪೆಟ್ಟಿಗೆಯಲ್ಲಿರುತ್ತವೆ, ಗಾಳಿ ನೋಡಿದರೆ ಪೆಟ್ಟಿಗೆ ತಿಕೋಟಾ, ಬಬಲೇಶ್ವರದ ನಡುವೆ ಇಳಿಯುತ್ತದೆ ಎಂದ.

"ಬಿಸಿಲಾಗ ಬಿದ್ರ ಫಲಕ ಕೆಡ್ತಾವ್ರಿ ಕಾಕಾ. ನನ್ನ ದುಡಿಮಿ ಎಲ್ಲಾ ಮಣ್ಣಾಗ್ತೈತಿ. ಲಗೂನ ಹಸಿ ಗೋಣಿತಟ್ಟು ಹೊಚ್ಚಿ ನೆರಳಿಗಿ ಒಯ್ಯೋ ಮಂದಿ ಬೇಕು."

"ನೀ ಆರಾಮ ಇರಪಾ. ಗುಂಪು ಕಟ್ಟೂದು ನನಗ ಬಿಡು."

ಕಟ್ಟಿದ, ತನಗೆ ಗೊತ್ತಿದ್ದ ರೀತಿಯಲ್ಲೇ. ಪೈಪೋಟಿಯಿದ್ದರೆ ಕೆಲಸ ಚುರುಕಾಗುತ್ತದೆಂದು ತಿಕೋಟಾದವರನ್ನು ಗಂಡಿನ ಕಡೆಯವರು, ಬಬಲೇಶ್ವರದವರನ್ನು ಹೆಣ್ಣಿನ ಕಡೆಯವರು ಎಂದ. ಹಿರಿಯರು ಹೊಸ ರುಮಾಲು ಸುತ್ತಿಕೊಂಡರು. ಯಾರೂ ಕರೆಯದಿದ್ದರೂ ಹಲಗಿ ಬಾರಿಸುವವರೂ ಹಾಜರಾದರು.

ಬಲೂನು ಹೇಳಿದ ದಿನವೇ ಬಂತು. ಪೆಟ್ಟಿಗೆ ತಿಕೋಟಾ ಸೀಮೆಯ ಜೋಳ ಕೊಯ್ದ ಹೊಲದಲ್ಲಿ ಇಳಿಯಿತು. ಎರಡೂ ಗುಂಪಿನವರು ಓಡೋಡಿ ಬಂದು ಎದುರುಬದುರು ಬದುವಿನ ಮೇಲೆ ನಿಂತರು. ನಿಂತೇಬಿಟ್ಟರು.

"ನಾವು ಗಂಡಿನವ್ರು. ಹೆಣ್ಣಿನವ್ರು ನೀರು ಬೆಲ್ಲ ಕೊಟ್ಟು ಇದುರುಗೊಳ್ಳದ ಹೆಂಗ ಕಾಲಿಡೂದು?" ಎಂದ ತಿಕೋಟಾದ ಮುಖಂಡ ಶಿವಶರಣಪ್ಪ.

"ಹೊಲ ನಿಮ್ದು, ನೀವ ಕರೀಬೇಕು!" ಎಂದ ಬಬಲೇಶ್ವರದ ತುಕಾರಾಮ.

ಅಂಬಾದಾಸನ ಜೀಪು ಇನ್ನೂ ದೂರದಲ್ಲಿ ಧೂಳೆಬ್ಬಿಸುತ್ತಿತ್ತು. ಬಿಸಿಲು ಏರುತ್ತಿತ್ತು. ಗುರಲಿಂಗಪ್ಪ ಆ ಬದುವಿಗೂ ಈ ಬದುವಿಗೂ ಓಡಾಡಿ ಕೈಮುಗಿದ. ತಾನೇ ಹೊಲಕ್ಕಿಳಿಯೋಣವೆಂದರೆ, ಮಧ್ಯಸ್ಥನೇ ಮೊದಲು ಕಾಲಿಟ್ಟನೆಂದು ಇಬ್ಬರೂ ಮುನಿಸಿಕೊಂಡಾರು! ಬೀಗತನ ಹಚ್ಚಿಕೊಟ್ಟವನು ತಾನೇ ಎಂದು ನೆನೆದು ಅವನಿಗೆ ಅಳುವೇ ಬಂತು.

ಬುತ್ತಿಯ ಚಕ್ಕಡಿಯಲ್ಲಿ ಬಂದಿದ್ದ ಮುರಿಗೆವ್ವ ನೀರಿನ ಕೊಡಗಳ ಮೇಲಿನ ಹಸಿ ಗೋಣಿತಟ್ಟು ಎಳೆದುಕೊಂಡು ನೆಟ್ಟಗೆ ಹೊಲಕ್ಕಿಳಿದಳು.

"ಏ ಬೇ, ನೀ ಯಾವ ಕಡಿಯಾಕಿ?" ಶಿವಶರಣಪ್ಪ ಕೂಗಿದ.

"ಯಾವ ಕಡಿಯಾಕಿನೂ ಅಲ್ಲೋ ಯಪ್ಪಾ. ನನ್ನ ಯಾರೂ ಎಂದೂ ಕರದಿಲ್ಲ. ಕರೀಲಿ ಅಂತ ನಿಂತ್ರ ನಾ ಇಲ್ಲೇ ಮುದುಕಿ ಆಗ್ತೇನಿ."

ತಟ್ಟು ಹೊಚ್ಚಿ, ಒಬ್ಬಳೇ ಪೆಟ್ಟಿಗೆ ಎಳೆಯತೊಡಗಿದಳು. ಬೀಗರಿಗೆ ನಾಚಿಕೆಯಾಯಿತು. ಎರಡೂ ಕಡೆಯಿಂದ ಓಡಿ ಬಂದು ಅದನ್ನು ಬೇವಿನ ನೆರಳಿಗೆ ಹೊತ್ತೊಯ್ದರು.

ಅಂಬಾದಾಸ ಬಂದು ಮುಟ್ಟಿ ನೋಡಿದ. ಪೆಟ್ಟಿಗೆ ತಣ್ಣಗಿತ್ತು. ಅವನ ಕಣ್ಣು ತುಂಬಿ ಬಂತು. "ಹೊಚ್ಚಿದವ್ರು ಯಾರ್ರಿ?"

ಎಲ್ಲರೂ ಗುರಲಿಂಗಪ್ಪನನ್ನು ನೋಡಿದರು. ಅವನು ರುಮಾಲು ಸರಿಮಾಡಿಕೊಂಡ, ಕೆಮ್ಮಿದ. ಆಮೇಲೆ ಎರಡೂ ಕಡೆಯವರಿಗೆ ಕೇಳುವಂತೆ ಕೂಗಿದ:

"ಮುರಿಗೆವ್ವಾ, ಮುಂದ ಬಾ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನೇ ನೋಡಿದಳು.

"ನನ್ನ ಕರ್ಯಾಕ ಆಕಾಶದಾಗಿಂದ ಪೆಟಗಿ ಬೀಳಬೇಕಾತೇನ್ರಿ?"