ಚಾಟಿಯಿಲ್ಲದ ಮನೆಯ ತೋಪು

ನೀರೊಲೆಗೆ ಹಾಕೆಂದು ನಾನೇ ಹೇಳಿದ್ದೆ. ಸೊಸೆ ಅಟ್ಟದಿಂದ ಹಳೆಯ ನೊಗ ಇಳಿಸಿ, ಸೀಳಲು ಕೊಡಲಿ ಎತ್ತಿದಳು. ಎತ್ತಿನ ಹೆಗಲಿಗೆ ಹಚ್ಚುತ್ತಿದ್ದ ಔಡಲೆಣ್ಣೆಯ ವಾಸನೆ ಬಂತು. ತಡೆ ಎಂದೆ.

ನೀವೂ ಕೂತು ಕೇಳಿ. ನಾನು ಕಲಿತದ್ದು ಸಹಿ ಹಾಕುವಷ್ಟು. ಹೇಳುವುದು ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಳ್ಳಿ.

ನನ್ನ ತವರು ಮಳಖೇಡದ ಕೋಟೆಯ ಹತ್ತಿರ. ನಮ್ಮನ್ನು ತೋಪಿನವರು ಎನ್ನುತ್ತಿದ್ದರು. ಸುಲ್ತಾನನ ದಂಡು ವಿಜಯನಗರದವರ ಮೇಲೆ ಹೋದಾಗ ಗುಂಡು ಹಾರಿಸುವ ತೋಪನ್ನು ಗಾಡಿಗೇರಿಸಿ ಕೃಷ್ಣೆಯ ತನಕ ಎಳೆದದ್ದು ನಮ್ಮ ಹಿರಿಯರ ಎತ್ತುಗಳಂತೆ. ಯಾರು ಗೆದ್ದರೋ ನಮ್ಮವರಿಗೆ ಗೊತ್ತಿಲ್ಲ. ಎತ್ತು ಜೀವಂತ ತಿರುಗಿ ಬಂದವು, ಅಷ್ಟು ಗೊತ್ತು. ಬೆದರಿದ ಎತ್ತು ತೋಪನ್ನು ಮಗುಚಿ ಹಾಕುತ್ತದೆಂದು ಅವರು ಚಾಟಿ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಚಾಟಿಯೇ ಇಲ್ಲ. "ಮನೀಗಿ ನಡೀರೆಪ್ಪಾ" ಎಂದು ಕೂಗಿದರೆ ನಮ್ಮ ಎತ್ತು ಎಂಥ ಹೇರನ್ನೂ ಎಳೆಯುತ್ತವೆ.

ಚಿತ್ತಾಪುರದ ಕಡೆ ಮದುವೆಯಾಗಿ ಬಂದಾಗ ತವರಿನ ಒಂದು ಜೋಡಿ ಎತ್ತೂ ಬಂದವು. ಅತ್ತೆಗೆ ನಗು.

"ತೋಪಿತ್ತಂತ, ಚಾಟಿ ಇರಲಿಲ್ಲಂತ! ಏನ್ ಬಡಾಯಿ ಮನಿತನವಾ ನಿಮ್ದು!"

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷ, ಮಳೆಗಾಲ. ದಂಡಿನ ಲಾರಿಗೆ ಕಟ್ಟಿದ್ದ ಗಾಲಿಯ ತೋಪು ಊರಂಚಿನ ಎರೆಮಣ್ಣಿನಲ್ಲಿ ಹೂತುಹೋಯಿತು. ರಾಜ ಯಾರಾದರೇನು, ತೋಪಿಗೆ ಗಾಲಿ ಬೇಕು, ಗಾಲಿ ನಮ್ಮ ಮಣ್ಣಿನಲ್ಲಿ ಹೂತುಹೋಗಲೇಬೇಕು. ತೋಪನ್ನು ಲಾರಿಯಿಂದ ಬಿಚ್ಚಿ, ಊರ ಎತ್ತುಗಳನ್ನು ಅದರ ಸರಪಳಿಗೆ ಕಟ್ಟಿದರು, ಇದೇ ನೊಗ ಹೊತ್ತ ನನ್ನ ಜೋಡಿಯನ್ನೂ. ಚಾಟಿ ಬಿದ್ದ ಹಾಗೆಲ್ಲ ಒಂದೊಂದು ಎತ್ತು ಒಂದೊಂದು ಕಡೆ ಜಗ್ಗಿತು. ನನ್ನ ಎಡದೆತ್ತು ಮೊಣಕಾಲೂರಿತು. ಕಾಲು ಮುರಿದರೆ ಅದು ಕಟುಕನ ಪಾಲು, ನಾನು ಜೀವಮಾನವಿಡೀ ಅತ್ತೆಯ ನಗೆಯ ಪಾಲು. ಸೆರಗು ಹೊದ್ದು ಹೋಗಿ ನಿಂತೆ.

"ಮಾವಾ, ಹೊಡೀಬ್ಯಾಡ್ರಿ. ನನ್ನ ಜೋಡಿ ಮುಂದ ಕಟ್ರಿ."

"ಸಿಪಾಯಿಗೋಳ ಮುಂದ ಮರ್ಯಾದಿ ಕಳೀತೀ ಏನವಾ?" ಎಂದರು ಮಾವ. ಆದರೂ ಕಟ್ಟಿದರು.

ಕೂಗಿದೆ. ಎಡದೆತ್ತು ಎದ್ದಿತು. ಮಣ್ಣು ಪಚಕ್ಕೆಂದು ತೋಪನ್ನು ಬಿಟ್ಟಿತು.

ನಿಲ್ಲಿಸುವುದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಮನೆಗೆ ಎಂದ ಮೇಲೆ ನಮ್ಮ ಎತ್ತು ಕೊಟ್ಟಿಗೆ ಕಾಣುವ ತನಕ ನಿಲ್ಲವು. "ರೋಕೋ, ರೋಕೋ" ಎನ್ನುತ್ತ ಸಿಪಾಯಿಗಳು ಹಿಂದೆ ಓಡಿದರು. ತೋಪು ನಮ್ಮ ಅಂಗಳಕ್ಕೇ ಬಂತು.

ಮನೆಗೆ ಬಂದ ಎತ್ತಿನ ಕಾಲಿಗೆ ನೀರು ಹಾಕುವುದು ಅತ್ತೆಯ ರೂಢಿ. ಕೊಡ ಹಿಡಿದು ಬಂದರು, ಹಾಕಿದರು. ತೋಪನ್ನು ನೋಡಿದರು, ನನ್ನನ್ನು ನೋಡಿದರು. ಉಳಿದ ನೀರನ್ನು ತೋಪಿನ ಗಾಲಿಗೆ ಸುರಿದರು.

"ಬಂತಲ್ಲವಾ ನಿನ್ನ ತವರಮನಿ ತೋಪು! ನಿಂತೀ ಯಾಕ? ಸಿಪಾಯಿಗೋಳಿಗಿ ಚಾ ಇಡು."

ಮರುದಿನ ಕೊಟ್ಟಿಗೆಯ ಗೂಟದ ಮೇಲೆ ಮಾವನ ಚಾಟಿ ಇರಲಿಲ್ಲ. ಯಾರು ತೆಗೆದರೆಂದು ನಾನು ಕೇಳಲಿಲ್ಲ.

ಸೊಸೆ ಕೊಡಲಿ ಕೆಳಗಿಟ್ಟಳು. "ಅತ್ತಿ, ಜಳಕಕ್ಕ ನೀರು?"

"ತಣ್ಣೀರೇ ಸಾಕು. ನೊಗಕ್ಕ ಹಚ್ಚಲಿಕ್ಕ ಔಡಲೆಣ್ಣಿ ತಗೊಂಡು ಬಾ," ಎಂದೆ.